ಹಳೇ ಬುಲೆಟ್‌ನಲ್ಲಿ ಕ್ಲಚ್ ಪೂರ್ತಿ ಬಿಡ್ತಾ ಇಲ್ವಾ? ಪ್ಲೇಟ್ ಬದಲಾಯಿಸೋ ಮೊದಲು ಇಷ್ಟು ನೋಡ್ಕೊಳ್ಳಿ

ಸಿಗ್ನಲ್‌ನಲ್ಲಿ ನಿಂತಿದೀರ, ಫಸ್ಟ್ ಗೇರ್ ಬಿದ್ದಿದೆ, ಕ್ಲಚ್ ಲಿವರ್ ಹ್ಯಾಂಡಲ್‌ಗೆ ಅಂಟೋ ಹಾಗೆ ಹಿಡಿದಿದೀರ, ಆದ್ರೂ ಗಾಡಿ ಮಾತ್ರ ಮುಂದಿನ ಆಟೋ ಬಂಪರ್ ಕಡೆಗೆ ಮೆಲ್ಲಗೆ ತೆವಳ್ತಾ ಇದೆ, ಎಡಗಾಲು ಬ್ರೇಕ್ ಮೇಲಿಂದ ತೆಗೆಯೋ ಹಾಗಿಲ್ಲ, ನ್ಯೂಟ್ರಲ್ ಹಾಕೋಣ ಅಂದ್ರೆ ಬೀಳ್ತಾ ಇಲ್ಲ. ಇದಕ್ಕೇ ಕ್ಲಚ್ ಡ್ರ್ಯಾಗ್ ಅನ್ನೋದು. ನಮ್ಮ ಮೆಕ್ಯಾನಿಕ್‌ಗಳ ಭಾಷೇಲಿ "ಕ್ಲಚ್ ಬಿಡ್ತಾ ಇಲ್ಲ ಸಾರ್". ಅದಾದ ಮೇಲೆ ಬರೋ ಮಾತು ಹತ್ತರಲ್ಲಿ ಒಂಬತ್ತು ಸಲ "ಪ್ಲೇಟ್ ಹೋಗಿದೆ, ಸೆಟ್ ಹಾಕ್ಬಿಡೋಣ". ಪ್ಲೇಟ್ ಅಂದ್ರೆ ಕ್ಲಚ್ ಒಳಗೆ ಒಂದರ ಮೇಲೊಂದು ಜೋಡಿಸಿರೋ ತಟ್ಟೆಗಳು, ಸ್ಪ್ರಿಂಗ್ ಒತ್ತಿ ಹಿಡಿದಿದ್ರೆ ಇಂಜಿನ್ ಬಲ ಚಕ್ರಕ್ಕೆ ಹೋಗುತ್ತೆ, ಲಿವರ್ ಹಿಡಿದಾಗ ಬಿಡಿ ಬಿಡಿ ಆಗ್ಬೇಕು.

ನಂದು 1984ರ 350 ಬುಲೆಟ್, ಮಾವನಿಂದ ಬಂದಿದ್ದು, ಬಲಗಡೆ ಗೇರ್ ಎಡಗಡೆ ಬ್ರೇಕ್ ಇರೋ ಹಳೇ ಎರಕದ ಕಬ್ಬಿಣದ ಇಂಜಿನ್. ಅದಕ್ಕೆ 2 ವರ್ಷದಲ್ಲಿ 3 ಸಲ ಕ್ಲಚ್ ಪ್ಲೇಟ್ ಹಾಕಿಸಿದೀನಿ ಅಂದ್ರೆ ನಂಬ್ತೀರಾ? ಪ್ರತಿ ಸಲಾನೂ ಒಂದು ತಿಂಗಳು ಸರಿ ಇರೋದು, ಆಮೇಲೆ ಯಥಾಪ್ರಕಾರ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗೆ, ತಪ್ಪು ಇದ್ದಿದ್ದು ಪ್ಲೇಟ್‌ನಲ್ಲೇ ಅಲ್ಲ. ಎಲ್ಲಿತ್ತು ಅಂತ ಮುಂದೆ ಹೇಳ್ತೀನಿ, ಮೊದಲೇ ಹೇಳ್ಬಿಟ್ರೆ ನೀವು ನೇರ ಅಲ್ಲಿಗೇ ಕೈ ಹಾಕ್ತೀರ, ನಿಮ್ಮ ಗಾಡಿ ತೊಂದರೆ ಬೇರೆ ಇರಬಹುದು.

ಮೊದಲು ಇದು ಡ್ರ್ಯಾಗೇ ಹೌದಾ ಅಂತ ಖಾತ್ರಿ ಮಾಡ್ಕೊಳ್ಳಿ

ಸ್ಲಿಪ್ ಬೇರೆ ಡ್ರ್ಯಾಗ್ ಬೇರೆ. ಲಿವರ್ ಬಿಟ್ಟಿದ್ರೂ ಇಂಜಿನ್ ಕೂಗ್ತಾ ಇದೆ, ಗಾಡಿ ಮಾತ್ರ ಓಡ್ತಾ ಇಲ್ಲ ಅಂದ್ರೆ ಸ್ಲಿಪ್. ಲಿವರ್ ಹಿಡಿದಿದ್ರೂ ಇಂಜಿನ್ನಿಂದ ಚಕ್ರಕ್ಕೆ ಸಂಬಂಧ ತಪ್ತಾ ಇಲ್ಲ ಅಂದ್ರೆ ಡ್ರ್ಯಾಗ್. ಒಂದಕ್ಕೆ ಮಾಡೋ ಅಡ್ಜಸ್ಟ್‌ಮೆಂಟ್ ಇನ್ನೊಂದನ್ನ ಕೆಡಿಸುತ್ತೆ, ಅದಕ್ಕೇ ಈ ಗೊಂದಲ ಮೊದಲು ಹೋಗಬೇಕು.

ನ್ಯೂಟ್ರಲ್ ಬೀಳ್ತಿಲ್ಲ ಅನ್ನೋದೊಂದನ್ನೇ ನಂಬ್ಕೊಂಡು ಕ್ಲಚ್ ಬಿಚ್ಚೋಕೆ ಕೂತ್ಕೋಬೇಡಿ. ಇಂಜಿನ್ ಆಫ್ ಮಾಡಿ, ಗಾಡೀನ ಸ್ವಲ್ಪ ಹಿಂದೆ ಮುಂದೆ ಅಲ್ಲಾಡಿಸ್ತಾ ನ್ಯೂಟ್ರಲ್ ಹುಡುಕಿ. ಆಫ್ ಇದ್ದಾಗ ಸಲೀಸಾಗಿ ಬಿದ್ದು, ಆನ್ ಇದ್ದಾಗ ಮಾತ್ರ ಬೀಳಲ್ಲ ಅಂದ್ರೆ ಕ್ಲಚ್ ಮೇಲೆ ಅನುಮಾನ ಪಡಿ. ಆಫ್ ಇದ್ದಾಗಲೂ ಬೀಳಲ್ಲ ಅಂದ್ರೆ ಗೇರ್ ಹಾಕೋ ಮೆಕ್ಯಾನಿಸಮ್ ಕಡೆ ನೋಡಿ, ಈ ಬರಹ ನಿಮಗೆ ಕೆಲಸಕ್ಕೆ ಬರಲ್ಲ. ಇನ್ನೊಂದು, ಬುಲೆಟ್‌ಗೆ ಬಲಗಡೆ ನ್ಯೂಟ್ರಲ್ ಫೈಂಡರ್ ಅಂತ ಪುಟ್ಟ ಲಿವರ್ ಇರುತ್ತಲ್ಲ, ಹಿಮ್ಮಡೀಲಿ ಒತ್ತಿದ್ರೆ ಸೆಕೆಂಡು ಥರ್ಡು ಫೋರ್ತು ಎಲ್ಲಿಂದಾದ್ರೂ ಸೀದಾ ನ್ಯೂಟ್ರಲ್, ಭಾಳ ಚೆಂದದ ಸೌಕರ್ಯ, ಆದ್ರೆ ಡ್ರ್ಯಾಗ್ ಮುಚ್ಚಿಡೋದೂ ಅದೇ. ಅದನ್ನ ಒತ್ತೀ ಒತ್ತೀ ಅಭ್ಯಾಸ ಆದೋರಿಗೆ ಕ್ಲಚ್ ಕೆಟ್ಟಿದ್ದು ವರ್ಷಗಟ್ಟಲೆ ಗೊತ್ತಾಗಲ್ಲ, ನಮ್ಮ ಮಾವ ಹಾಗೇ ಓಡಿಸ್ಕೊಂಡಿದ್ರು.

ಆಮೇಲೆ ಕಿಕ್ ಟೆಸ್ಟು, ದುಡ್ಡಿಲ್ಲದ ಟೆಸ್ಟು, ನನಗೆ ಇದೇ ಇಷ್ಟ. ಬುಲೆಟ್ ಕಿಕ್ಕರ್ ನೇರ ಇಂಜಿನ್ನಿಗೆ ಹೋಗಲ್ಲ, ಗೇರ್‌ಬಾಕ್ಸಿನ ಮುಖ್ಯ ದಂಡ, ಅಂದ್ರೆ ಮೈನ್‌ಶಾಫ್ಟ್ ತಿರುಗಿಸಿ ಅಲ್ಲಿಂದ ಕ್ಲಚ್, ಕ್ಲಚ್ಚಿಂದ ಪ್ರೈಮರಿ ಚೈನ್, ಅಲ್ಲಿಂದ ಇಂಜಿನ್. ಅಂದ್ಮೇಲೆ ಇಗ್ನಿಷನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಕ್ಲಚ್ ಪೂರ್ತಿ ಹಿಡಿದು ಕಿಕ್ ಒತ್ತಿದ್ರೆ ಅದು ಬೆಣ್ಣೇಲಿ ಚಾಕು ಇಳಿದ ಹಾಗೆ ಕೆಳಗೆ ಹೋಗಬೇಕು, ಇಂಜಿನ್ ತಿರುಗಬಾರದು. ಕಂಪ್ರೆಷನ್ ಕಾಲಿಗೆ ತಾಗ್ತಾ ಇದ್ರೆ ಪ್ಲೇಟ್‌ಗಳು ಬಿಡ್ತಾ ಇಲ್ಲ. ಒಂದು ವಿನಾಯಿತಿ ಇದೆ: ರಾತ್ರಿಯೆಲ್ಲ ನಿಂತ ಗಾಡೀಲಿ ಎಣ್ಣೆ ಮಂದವಾಗಿ ಪ್ಲೇಟು ಪ್ಲೇಟಿಗೆ ಅಂಟ್ಕೊಂಡಿರುತ್ತೆ, ಮೊದಲ ಎರಡು ಮೂರು ಕಿಕ್ ಇಂಜಿನ್ ತಿರುಗಿಸೇ ತಿರುಗಿಸುತ್ತೆ, ಆಮೇಲೆ 'ಟಪ್' ಅಂತ ಬಿಟ್ಕೊಳ್ಳುತ್ತೆ. ಅದು ಕಾಯಿಲೆ ಅಲ್ಲ. ಹಳಬರು ಬೆಳಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಕ್ಲಚ್ ಹಿಡಿದು ನಾಲ್ಕು ಸಲ ಕಿಕ್ ತುಳೀತಿದ್ದಿದ್ದು ಸುಮ್ನೆ ಶೋಕಿಗಲ್ಲ.

ಮೂರನೇದು, ಗಾಡಿ 10-15 ನಿಮಿಷ ಓಡಿಸಿ ಬಿಸಿ ಮಾಡಿ ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ನೆಲಕ್ಕೆ ತಾಗಬಾರದು, ಕ್ಲಚ್ ಹಿಡಿದು ಫಸ್ಟ್ ಗೇರ್ ಹಾಕಿ, ಕ್ಲಚ್ ಹಿಡಿದೇ ಇರಿ, ಇಂಜಿನ್ ಐಡ್ಲಿಂಗ್‌ನಲ್ಲಿ ಓಡ್ತಾ ಇರಲಿ. ಚಕ್ರ ತಿರುಗುತ್ತೆ, ಗಾಬರಿ ಬೇಡ, ಎಣ್ಣೇಲಿ ಮುಳುಗಿರೋ ಕ್ಲಚ್ ಅಂದ್ರೆ ಸ್ವಲ್ಪ ಎಳೆದೇ ಎಳೆಯುತ್ತೆ. ಈಗ ಬ್ರೇಕ್ ಮೆಲ್ಲಗೆ ಒತ್ತಿ. ಚಕ್ರ ನಿಂತು ಇಂಜಿನ್ ಅದರ ಪಾಡಿಗೆ ಓಡ್ತಾ ಇದ್ರೆ ಪರವಾಗಿಲ್ಲ. ಇಂಜಿನ್ ಸದ್ದು ಕುಗ್ಗಿ ಸಾಯೋಕೆ ಬಂದ್ರೆ ಡ್ರ್ಯಾಗ್ ಖಚಿತ. ತಿರುಗೋ ಚಕ್ರಾನ ಶೂ ಇಟ್ಟು ನಿಲ್ಲಿಸೋ ಶೂರರು ಇದಾರೆ, ಕಡ್ಡಿಗಳ ಮಧ್ಯೆ ಕಾಲು ಹೋದ್ರೆ ಕ್ಲಚ್ ಚಿಂತೆ ತಾನಾಗೇ ಮರೆತು ಹೋಗುತ್ತೆ, ಬೇಡ.

ತಣ್ಣಗಿದ್ದಾಗ ಮಾತ್ರ ತೊಂದರೆ ಇದ್ಯಾ, ಬಿಸಿ ಆದ್ಮೇಲೆ ಜಾಸ್ತಿ ಆಗುತ್ತಾ, ಯಾವಾಗಲೂ ಒಂದೇ ಥರಾನಾ ಅಂತ ಒಂದು ಚೀಟೀಲಿ ಬರೆದಿಟ್ಕೊಳ್ಳಿ. ತಣ್ಣಗಿದ್ದಾಗ ಮಾತ್ರ ಅಂದ್ರೆ ಎಣ್ಣೆ ಕಡೆ ಬೆರಳು ತೋರಿಸುತ್ತೆ, ಬಿಸಿಗೆ ಜಾಸ್ತಿ ಆದ್ರೆ ಬಾಗಿದ ಪ್ಲೇಟು ಇಲ್ಲಾ ಸಾಲದ ಟ್ರಾವೆಲ್ (ಲಿವರ್ ಎಳೆದಾಗ ಒಳಗಿನ ಭಾಗಗಳು ಸರಿಯೋ ದೂರ), ಯಾವಾಗಲೂ ಅಂದ್ರೆ ಕೇಬಲ್ಲು, ಪುಶ್‌ರಾಡು.

ಲಿವರ್ ಮತ್ತು ಕೇಬಲ್

ಎಲ್ಲ ಡ್ರ್ಯಾಗೂ ಕೊನೆಗೆ ಒಂದೇ ಲೆಕ್ಕ. ನಿಮ್ಮ ಬೆರಳು ಎಳೆದಿದ್ದು ಕೇಬಲ್ ಮೂಲಕ, ಗೇರ್‌ಬಾಕ್ಸ್ ಕವರ್ ಒಳಗಿನ ಲಿವರ್ ಮೂಲಕ, ಮೈನ್‌ಶಾಫ್ಟ್ ತೂತಿನೊಳಗಿನ ಪುಶ್‌ರಾಡ್ (ತಳ್ಳೋ ಸರಳು) ಮೂಲಕ ಎಡಗಡೆ ಪ್ರೆಷರ್ ಪ್ಲೇಟ್‌ಗೆ, ಅಂದ್ರೆ ಪ್ಲೇಟ್ ಕಟ್ಟನ್ನ ಒತ್ತಿ ಹಿಡಿಯೋ ಹೊರಗಿನ ತಟ್ಟೆಗೆ ತಲುಪಬೇಕು, ದಾರೀಲಿ ಒಬ್ಬೊಬ್ಬರೂ ಸ್ವಲ್ಪ ಸ್ವಲ್ಪ ನುಂಗಿದ್ರೆ ಕೊನೇಲಿ ಪ್ಲೇಟ್‌ಗೆ ಸಿಗೋದು ಚಿಲ್ಲರೆ.

ಲಿವರ್ ಪಿವಟ್ ಬೋಲ್ಟ್ ಸವೆದಿದ್ರೆ ಲಿವರ್ ಮೇಲೆ ಕೆಳಗೆ ಲೊಡ ಲೊಡ ಅನ್ನುತ್ತೆ, ಮೊದಲ ಕಳ್ಳ ಇವನೇ. ಎರಡನೇದು ಯಾರೂ ನೋಡದೇ ಇರೋದು: ಪಿವಟ್ ಬೋಲ್ಟ್ ಮಧ್ಯದಿಂದ ಕೇಬಲ್ ನಿಪ್ಪಲ್ (ಲಿವರ್‌ನಲ್ಲಿ ಕೂರೋ ಕೇಬಲ್ ತುದಿಯ ಗುಂಡಿ) ಮಧ್ಯಕ್ಕೆ ಎಷ್ಟು ದೂರ ಇದೆ ಅಂತ ಸ್ಕೇಲ್ ಇಟ್ಟು ಅಳೀರಿ. ಹಳೇ ಬ್ರಿಟಿಷ್ ಮಾದರಿ ಲಿವರ್‌ಗಳು ಎರಡು ಥರ ಬರ್ತವೆ, ಒಂದರಲ್ಲಿ ಸುಮಾರು 22 ಮಿಮೀ, ಇನ್ನೊಂದರಲ್ಲಿ ಸುಮಾರು 27 ಮಿಮೀ. ದೂರ ಜಾಸ್ತಿ ಇದ್ದಷ್ಟೂ ಕೇಬಲ್ ಜಾಸ್ತಿ ಎಳೆಯುತ್ತೆ, ಕೈಗೆ ಸ್ವಲ್ಪ ಭಾರ ಅನ್ನಿಸುತ್ತೆ. "ಸಾಫ್ಟ್ ಲಿವರ್" ಅಂತ ಬೆಂಗಳೂರಿನ ಜೆ.ಸಿ. ರೋಡ್‌ನಲ್ಲಿ ತಗೊಂಡು ಹಾಕಿಸ್ಕೊಂಡಿದ್ರೆ, ಆ ಸಾಫ್ಟ್ ಅನ್ನೋದು ಪುಕ್ಕಟೆ ಬಂದಿಲ್ಲ, ಟ್ರಾವೆಲ್ ಕಡಿಮೆ ಮಾಡಿನೇ ಬಂದಿರೋದು.

ಕೇಬಲ್ ಟ್ಯಾಂಕ್ ಕೆಳಗೆ ಎಲ್ಲಾದ್ರೂ ಹಿಸುಕಿಕೊಂಡಿದ್ಯಾ ನೋಡಿ, ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿದಾಗ ಫ್ರೀ ಪ್ಲೇ (ಕ್ಲಚ್ ಮೇಲೆ ಭಾರ ಬೀಳೋ ಮುಂಚೆ ಲಿವರ್ ಸುಮ್ನೆ ಆಡೋ ದೂರ) ಬದಲಾದ್ರೆ ರೂಟಿಂಗ್ ತಪ್ಪಿದೆ ಅಂತ. ಹೆಲ್ಪರ್ ಒಬ್ಬ ಲಿವರ್ ಹಿಡೀಲಿ, ನೀವು ಕೇಬಲ್ ಹೊರ ಕವಚದ ಎರಡೂ ತುದಿ ನೋಡಿ, ಲೋಹದ ಟೋಪಿಯೊಳಗೆ ಕವಚ ಕುಸಿದು ಕುಗ್ತಾ ಇದ್ರೆ ಆ ಕೇಬಲ್ ಕಸದ ಬುಟ್ಟಿಗೆ. ಎಣ್ಣೆ ಬಿಟ್ಟು ಅದನ್ನ ಉಳಿಸೋಕೆ ಹೋಗ್ಬೇಡಿ.

ಅಡ್ಜಸ್ಟ್‌ಮೆಂಟ್, ಮತ್ತೆ ಎಲ್ರೂ ಮಾಡೋ ತಪ್ಪು

ಇಲ್ಲಿ ಕ್ರಮ ಮುಖ್ಯ. ಇಂಜಿನ್ ತಣ್ಣಗಿರಲಿ. ಕೇಬಲ್ ಅಡ್ಜಸ್ಟರ್ ಪೂರ್ತಿ ಸಡಿಲ ಬಿಡಿ, ಕೇಬಲ್ ಜೋತಾಡ್ಬೇಕು. ಗೇರ್‌ಬಾಕ್ಸ್ ಬಲಗಡೆ ಕವರ್ ಮೇಲೆ ಸಣ್ಣ ಇನ್‌ಸ್ಪೆಕ್ಷನ್ ಕವರ್ ಇರುತ್ತೆ, ಅದನ್ನ ತೆಗೆದ್ರೆ ಕಿಂಡಿಯೊಳಗೆ ಲಾಕ್‌ನಟ್ ಇರೋ ಸ್ಕ್ರೂ ಕಾಣುತ್ತೆ. ಲಾಕ್‌ನಟ್ ಸಡಿಲಿಸಿ ಸ್ಕ್ರೂನ ಒಳಗೆ ತಿರುಗಿಸ್ತಾ ಹೋಗಿ, ರಾಡ್‌ಗೆ ಮುಟ್ಟಿದ್ದು ಕೈಗೆ ಗೊತ್ತಾಗುತ್ತೆ, ಅಲ್ಲಿಂದ ಕಾಲು ಸುತ್ತಿನಿಂದ ಅರ್ಧ ಸುತ್ತು ವಾಪಸ್ ಬಿಡಿ, ಸ್ಕ್ರೂ ಅಲ್ಲಾಡದ ಹಾಗೆ ಹಿಡಿದು ನಟ್ ಟೈಟ್ ಮಾಡಿ. ಈಗ ಕೇಬಲ್ ಅಡ್ಜಸ್ಟರ್‌ನಲ್ಲಿ ಲಿವರ್ ಹತ್ರ 2-3 ಮಿಮೀ ಫ್ರೀ ಪ್ಲೇ ಬರೋ ಹಾಗೆ ಇಡಿ. ಬರೀ ಕೇಬಲ್ ಅಡ್ಜಸ್ಟರ್‌ನಲ್ಲೇ ಎಲ್ಲ ಸರಿ ಮಾಡೋಕೆ ಹೋದ್ರೆ ಒಳಗಿನ ಲಿವರ್ ಓರೆ ಕೋನದಲ್ಲಿ ಕೆಲಸ ಮಾಡುತ್ತೆ. ಅರ್ಧ ಎಳೆದಾಗ ಅದು ಕೇಬಲ್‌ಗೆ ಹೆಚ್ಚುಕಡಿಮೆ ಲಂಬವಾಗಿರಬೇಕು, ಆಗಲೇ ಪೂರ್ತಿ ತಳ್ಳು ಸಿಗೋದು.

ಈಗ ಆ ತಪ್ಪು. ಡ್ರ್ಯಾಗ್ ಇದೆ ಅಂದ ಕೂಡ್ಲೇ ಫ್ರೀ ಪ್ಲೇ ಸೊನ್ನೆ ಮಾಡ್ಬಿಡ್ತಾರೆ, ಇನ್ನೂ ಬಿಡಲ್ಲ ಅಂದ್ರೆ ಇನ್ನೊಂದು ಸುತ್ತು. ಆ ಕ್ಷಣಕ್ಕೆ ಕ್ಲಚ್ ಬಿಡುತ್ತೆ, ನೀವು ಖುಷಿ, ಮೆಕ್ಯಾನಿಕ್ ಖುಷಿ. ಆದ್ರೆ ಫ್ರೀ ಪ್ಲೇ ಇಲ್ಲ ಅಂದ್ರೆ ಪುಶ್‌ರಾಡ್ ಮೇಲೆ ಸದಾ ಒತ್ತಡ, ಶಾಫ್ಟ್ ಜೊತೆ ತಿರುಗೋ ರಾಡ್ ತುದಿ ತಿರುಗದೇ ಇರೋ ಲೋಹಕ್ಕೆ ಉಜ್ಜಿ ಉಜ್ಜಿ ಕಾಯುತ್ತೆ, ಕಾದು ಹದ ಕಳ್ಕೊಂಡು ಮೆತ್ತಗಾಗುತ್ತೆ, ಮೆತ್ತಗಾಗಿದ್ದು ಚಪ್ಪಟೆ ಆಗುತ್ತೆ, ಚಪ್ಪಟೆ ಆದ್ರೆ ರಾಡ್ ಗಿಡ್ಡ ಆಯ್ತು, ಗಿಡ್ಡ ಆದ್ರೆ ಟ್ರಾವೆಲ್ ಸಾಲಲ್ಲ, ಮತ್ತೆ ಡ್ರ್ಯಾಗ್, ಮತ್ತೆ ಟೈಟ್. ನನ್ನ 3 ಪ್ಲೇಟ್ ಸೆಟ್ ಕಥೆ ಇಷ್ಟೇ.

ಎಣ್ಣೆ

ಪ್ರೈಮರಿ ಚೈನ್‌ಕೇಸ್‌ಗೆ (ಪ್ರೈಮರಿ ಚೈನು, ಕ್ಲಚ್ಚು ಕೂತಿರೋ ಎಡಗಡೆ ಪೆಟ್ಟಿಗೆ) ಇಂಜಿನ್ ಆಯಿಲ್ ಅಷ್ಟೇ, 20ಡಬ್ಲ್ಯೂ50 ಸಾಕು. ಲೆವೆಲ್ ಸ್ಕ್ರೂ ತೆಗೆದಾಗ ಎಣ್ಣೆ ತೊಟ್ಟಿಕ್ಕೋವರೆಗೂ ಹಾಕಬೇಕು, ಹೆಚ್ಚುಕಡಿಮೆ 420 ಮಿಲಿ ಹಿಡಿಯುತ್ತೆ, ಸೋರುತ್ತೆ ಹೇಗಿದ್ರೂ ಅಂತ ಮುಂಗಡವಾಗಿ ಮುಕ್ಕಾಲು ಲೀಟರ್ ಸುರಿಯೋರಿದಾರೆ, ಅದೇ ಡ್ರ್ಯಾಗ್‌ಗೆ ಕಾರಣ ಆಗುತ್ತೆ. ಸೋರಿಕೆ ಕಡಿಮೆ ಆಗಲಿ ಅಂತ ದಪ್ಪನೆ ಗೇರ್ ಆಯಿಲ್ ಹಾಕಿದ್ರಂತೂ ಚಳಿಗಾಲದ ಬೆಳಗ್ಗೆ ಪ್ಲೇಟು ಪಾಕದಲ್ಲಿ ಬಿದ್ದ ಜಾಮೂನ್ ಥರ ಅಂಟ್ಕೊಂಡಿರ್ತವೆ.

ಎಣ್ಣೆ ಇಳಿಸಿದಾಗ ಬಣ್ಣ ನೋಡಿ. ಹಾಲು ಹಾಕಿದ ಕಾಫಿ ಥರ ಇದ್ರೆ ನೀರು ಸೇರಿದೆ, ಜೋರು ಪ್ರೆಷರ್‌ನಲ್ಲಿ ವಾಟರ್ ವಾಶ್ ಮಾಡಿಸೋರಿಗೆ ಇದು ಮಾಮೂಲು. ಗ್ರೀಸ್ ಉಂಡೆ ಉಂಡೆ ಕಂಡ್ರೆ ಗೇರ್‌ಬಾಕ್ಸಿನ ಗ್ರೀಸು ಪುಶ್‌ರಾಡ್ ತೂತಿನಗುಂಟ ಈ ಕಡೆ ದಾಟಿದೆ ಅಂತ ಅರ್ಥ. ಹಳೇ ಎಣ್ಣೆ ಇಳಿಸಿ ಹೊಸದು ಹಾಕಿ 50 ಕಿಮೀ ಓಡಿಸಿ ನೋಡಿ, ಎಷ್ಟೋ ಗಾಡಿಗೆ ಇಷ್ಟರಲ್ಲೇ ಮುಗಿಯುತ್ತೆ.

ಪ್ರೈಮರಿ ಕವರ್ ಬಿಚ್ಚೋದು

ಮುಗೀಲಿಲ್ಲ ಅಂದ್ರೆ ಈಗ ಬಿಚ್ಚಿ. ಎಡಗಡೆ ಫುಟ್‌ರೆಸ್ಟ್, ಬ್ರೇಕ್ ಪೆಡಲ್ ದಾರಿಗೆ ಅಡ್ಡ ಬರ್ತವೆ, ತೆಗೀಬೇಕು. ಕೆಳಗೆ ಅಗಲದ ಟ್ರೇ ಇಡಿ, ಮನೇಲಿ ಕೇಳದೇ ಇಡ್ಲಿ ಕುಕ್ಕರ್ ತಳ ತಂದು ಇಟ್ರೆ ಆಮೇಲಿನದ್ದಕ್ಕೆ ನಾನು ಜವಾಬ್ದಾರ ಅಲ್ಲ. ಇಡೀ ಕವರ್ ನಿಂತಿರೋದು ಮಧ್ಯದ ಒಂದೇ ಒಂದು ದೊಡ್ಡ ನಟ್ ಮೇಲೆ, ಸುತ್ತ ರಬ್ಬರ್ ಸೀಲ್. ಎಣ್ಣೆ ಸೋರುತ್ತೆ ಅಂತ ಆ ನಟ್‌ಗೆ ಮಾರುದ್ದ ಪೈಪ್ ಹಾಕಿ ಬಿಗಿದಿದ್ರೆ ಕವರ್ ಸೊಟ್ಟಗಾಗಿ ಇನ್ನೂ ಜಾಸ್ತಿ ಸೋರುತ್ತೆ. ಆಲ್ಟರ್ನೇಟರ್ ವೈರ್ ಎಳೀಬೇಡಿ, ಬರೀ ಪ್ಲೇಟ್ ತೆಗೆಯೋಕೆ ಅದನ್ನ ಮುಟ್ಟೋ ಅಗತ್ಯ ಇಲ್ಲ.

ಕವರ್ ಬಿಚ್ಚಿದ ತಕ್ಷಣ ಸ್ಪ್ರಿಂಗ್ ಸ್ಕ್ರೂಗೆ ಕೈ ಹಾಕ್ಬೇಡಿ, ತಾಳಿ. ನಿಜವಾದ ಡಯಾಗ್ನೋಸಿಸ್ ಈಗ ಇರೋದು.

ಒಬ್ಬರು ಲಿವರ್ ಹಿಡೀಲಿ, ನೀವು ಪ್ರೆಷರ್ ಪ್ಲೇಟ್ ಅಂಚಿನ ಹತ್ರ ಕಣ್ಣಿಡಿ. ಎಷ್ಟು ಹೊರಗೆ ಬಂತು? ವರ್ನಿಯರ್‌ನಲ್ಲಿ ಲಿವರ್ ಬಿಟ್ಟಾಗ ಒಂದು ಅಳತೆ, ಹಿಡಿದಾಗ ಒಂದು ಅಳತೆ, ಮೂರು ಸ್ಪ್ರಿಂಗ್ ಹತ್ರಾನೂ ಬೇರೆ ಬೇರೆ ತಗೊಳ್ಳಿ. ಸರಾಸರಿ 2 ಮಿಮೀ ಹತ್ರ ಬಂದ್ರೆ ನನಗೆ ನೆಮ್ಮದಿ. ಈ 2 ಮಿಮೀ ನೋಡೋಕೆ ದೊಡ್ಡದು ಅನ್ಸುತ್ತೆ, ಆದ್ರೆ ಲೆಕ್ಕ ಹಾಕಿ: ಪ್ಲೇಟ್ ಕಟ್ಟಿನಲ್ಲಿ ಉಜ್ಜೋ ಮುಖಗಳು 8 ಇದ್ರೆ ಒಂದೊಂದರ ಪಾಲಿಗೆ ಬರೋದು 0.25 ಮಿಮೀ. ಎಲ್ಲೋ ಒಂದು ಪ್ಲೇಟ್ 0.3 ಮಿಮೀ ಬಾಗಿದ್ರೆ ಆ ಪಾಲು ಅಲ್ಲಿಗೇ ಮುಗೀತು. 2ರ ಬದಲು 1 ಮಿಮೀ ಮಾತ್ರ ಬರ್ತಾ ಇದ್ರೆ ಹೊಸ ಪ್ಲೇಟ್ ಹಾಕಿದ್ರೂ ಅಷ್ಟೇ, ದೇವರೇ ಬಂದ್ರೂ ಅಷ್ಟೇ.

ಎತ್ತೋದು ಸಾಕಷ್ಟಿದೆ, ಆದ್ರೆ ಮೂರು ಕಡೆ ಮೂರು ಥರ ಅಂದ್ರೆ ಸ್ಪ್ರಿಂಗ್ ನೋಡಬೇಕು. ಲಿವರ್ ಹಿಡಿದೇ ಕಿಕ್ಕನ್ನ ಕೈಯಲ್ಲಿ ನಿಧಾನ ತಿರುಗಿಸಿ, ಪ್ರೆಷರ್ ಪ್ಲೇಟ್ ನೇರ ತಿರುಗ್ತಾ ಇದ್ಯಾ, ಇಲ್ಲಾ ಹಳೇ ಸೈಕಲ್ ರಿಮ್ ಥರ ತೂರಾಡ್ತಾ ಇದ್ಯಾ ಅಂತ ಗೊತ್ತಾಗುತ್ತೆ. ಈ ಹಳೇ ಕ್ಲಚ್‌ನಲ್ಲಿ ಸ್ಕ್ರೂ ಸಡಿಲ ಬಿಗಿ ಮಾಡಿ ಸರಿದೂಗಿಸೋಕೆ ಆಗಲ್ಲ, ಸ್ಕ್ರೂಗಳು ಒಳಗಿನ ಕೊಳವೆಗೆ ತಾಗೋವರೆಗೂ ಪೂರ್ತಿ ಟೈಟ್ ಆಗ್ಲೇಬೇಕು. ಹಾಗಾಗಿ ಸ್ಪ್ರಿಂಗ್ ಬಿಚ್ಚಿ ಮೇಜಿನ ಮೇಲೆ ಪಕ್ಕ ಪಕ್ಕ ನಿಲ್ಲಿಸಿ, ಒಂದು ಗಿಡ್ಡ ಇದ್ರೂ ಮೂರನ್ನೂ ಬದಲಾಯಿಸಿ, ಒಂದೇ ಒಂದು ಹೊಸದು ಹಾಕೋ ಜಿಪುಣತನ ಇಲ್ಲಿ ನಡೆಯಲ್ಲ.

ಪ್ಲೇಟ್‌ಗಳು

ಬಿಚ್ಚೋವಾಗ ಒಂದೊಂದು ಪ್ಲೇಟ್ ತೆಗೆಯೋಕೂ ಮೊಬೈಲ್‌ನಲ್ಲಿ ಫೋಟೋ ತೆಗೀರಿ, ಯಾವ ಮುಖ ಹೊರಗಿತ್ತು ಅನ್ನೋದೂ ಗೊತ್ತಾಗಬೇಕು. ಕೆಲವು ಬುಲೆಟ್ ಕ್ಲಚ್‌ನಲ್ಲಿ ಒಂದು ಪ್ಲೇಟು ಬೇಕಂತಲೇ ಡಿಶ್ ಆಕಾರದಲ್ಲಿರುತ್ತೆ, ಅದನ್ನ ಬಾಗಿದೆ ಅಂತ ಬಡಿದು ನೇರ ಮಾಡಿದ ಮಹಾನುಭಾವರನ್ನ ಕಂಡಿದೀನಿ.

ಸೀಮೆಎಣ್ಣೇಲಿ ತೊಳೆದು, ಮಿಕ್ಕ ಉಕ್ಕಿನ ಪ್ಲೇಟ್‌ಗಳನ್ನ ದಪ್ಪ ಗಾಜಿನ ಮೇಲೆ ಇಟ್ಟು ಸುತ್ತ ಫೀಲರ್ ಗೇಜ್ (ಸಂದು ಅಳೆಯೋ ತೆಳು ಲೋಹದ ಎಲೆಗಳು) ತೂರಿಸಿ ನೋಡಿ. 0.15 ಮಿಮೀ ಎಲೆ ಒಳಗೆ ಹೋದ್ರೆ ನಾನು ಆ ಪ್ಲೇಟ್ ಮತ್ತೆ ಹಾಕಲ್ಲ. ನೀಲಿ ಮಚ್ಚೆ ಇದ್ರೆ ಕಾದಿದೆ ಅಂತ, ಕಾದಿದ್ದು ಬಾಗಿರೋ ಸಾಧ್ಯತೆ ಜಾಸ್ತಿ. ಲೈನಿಂಗ್ ಇರೋ ಪ್ಲೇಟ್‌ನ ಮುಖ ಗಾಜಿನ ಥರ ಹೊಳೀತಾ ಇದ್ರೆ 180 ನಂಬರ್ ಮರಳುಕಾಗದದಲ್ಲಿ ಮೆಲ್ಲಗೆ ಉಜ್ಜಬಹುದು, ಆದ್ರೆ ತೀರಾ ಹಳೇ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರೋ ಸಾಧ್ಯತೆ ಇದೆ, ಒಣದರಲ್ಲಿ ಉಜ್ಜಿ ಧೂಳೆಬ್ಬಿಸ್ಬೇಡಿ, ಬಾಯಲ್ಲಿ ಊದಲೂಬೇಡಿ, ಅನುಮಾನ ಇದ್ರೆ ಉಜ್ಜೋದೇ ಬೇಡ, ಹೊಸದು ಹಾಕಿ.

ಪ್ಲೇಟ್‌ಗಿಂತ ನಾನು ಜಾಸ್ತಿ ಹೊತ್ತು ನೋಡೋದು ಅದು ಕೂರೋ ಜಾಗ. ಕ್ಲಚ್ ಡ್ರಮ್ಮಿನ ಸೀಳುಗಳಲ್ಲಿ, ಒಳಗಿನ ಸೆಂಟರ್‌ನ ಹಲ್ಲುಗಳಲ್ಲಿ ಉಗುರು ಆಡಿಸಿ. ಪ್ಲೇಟಿನ ಕಿವಿ ಬಡಿದೂ ಬಡಿದೂ ಅಲ್ಲಿ ಮೆಟ್ಟಿಲು ಮೆಟ್ಟಿಲು ಬಿದ್ದಿರುತ್ತೆ. ಪ್ರೆಷರ್ ಬಿಟ್ರೂ ಪ್ಲೇಟ್ ಆ ಮೆಟ್ಟಿಲಿಗೆ ಸಿಕ್ಕಿಹಾಕ್ಕೊಂಡು ಜಾರಲ್ಲ, ಸಿಗ್ನಲ್‌ನಲ್ಲಿ ತೆವಳೋದು ಇದರಿಂದಾನೂ ಆಗುತ್ತೆ. ಸಣ್ಣ ಗುರುತಿದ್ರೆ ಚಪ್ಪಟೆ ಅರದಲ್ಲಿ ಎಲ್ಲ ಸೀಳನ್ನೂ ಒಂದೇ ಸಮ ಉಜ್ಜಿ ನೇರ ಮಾಡಬಹುದು, ಒಂದು ಮಿಮೀವರೆಗೆ ತಿಂದಿದ್ರೆ ಡ್ರಮ್ಮೇ ಬದಲಾಯಿಸಿ. ಡ್ರಮ್ ಹಿಡಿದು ಅಲ್ಲಾಡಿಸಿ, ಗಡಗಡ ಅಂದ್ರೆ ಬೇರಿಂಗ್ ಹೋಗಿದೆ. ಪ್ರೈಮರಿ ಚೈನ್ ತಂತಿ ಥರ ಬಿಗಿ ಇದ್ರೂ ಡ್ರಮ್ ಓರೆ ಎಳೆಯುತ್ತೆ. ಸೆಂಟರ್ ನಟ್ ಸಡಿಲ ಇಲ್ಲ ಅನ್ನೋದನ್ನೂ ನೋಡ್ಬಿಡಿ.

ಪುಶ್‌ರಾಡ್, ನನ್ನ ಗಾಡಿಯ ಕಳ್ಳ

ಪ್ರೆಷರ್ ಪ್ಲೇಟ್ ಬಂದ್ಮೇಲೆ ಮೈನ್‌ಶಾಫ್ಟ್ ತೂತಿನಿಂದ ರಾಡ್‌ನ ಮ್ಯಾಗ್ನೆಟ್ ಹಾಕಿ ಎಳೀರಿ. ಕೆಲವು ಹಳೇ ಗಾಡಿಗಳಲ್ಲಿ ಇದು ಎರಡು ತುಂಡು, ಮಧ್ಯೆ ಒಂದು ಗುಂಡು ಇರುತ್ತೆ, ಉರುಳಿ ಹೋದ್ರೆ ಸಿಗಲ್ಲ, ಟ್ರೇ ಕೆಳಗಿರಲಿ.

ನಂದು ಬರಲೇ ಇಲ್ಲ. ಮುಕ್ಕಾಲು ಬಂದು ಕಚ್ಕೊಂಡು ನಿಂತ್ತು. ಸುಮಾರು ಒಂದು ಗಂಟೆ ಹಿಂದೆ ಮುಂದೆ ಆಡಿಸಿ, ಡಬ್ಲ್ಯೂಡಿ-40 ಸ್ಪ್ರೇ ಹೊಡೆದು, ಕೊನೆಗೆ ಬಲಗಡೆ ಕವರ್ ಬಿಚ್ಚಿ ಆ ಕಡೆಯಿಂದ ಎಳೆದಾಗ ಗೊತ್ತಾಯ್ತು: ತುದಿ ಸುತ್ತಿಗೆ ಏಟು ತಿಂದ ಮೊಳೆ ತಲೆ ಥರ ಸುತ್ತಲೂ ಅಗಲ ಆಗಿತ್ತು, ತೂತಲ್ಲಿ ತೂರಲು ಜಾಗ ಇಲ್ಲ. ಒಂದು ಬೆರಳಗಲ ಕಡುನೀಲಿ ಬಣ್ಣ, ಅರ ಆಡಿಸಿದ್ರೆ ಸೀಸದ ಥರ ಮೆತ್ತಗೆ. ಹೊಸ ರಾಡ್ ಪಕ್ಕ ಇಟ್ಟು ಅಳೆದೆ, 3 ಮಿಮೀ ಗಿಡ್ಡ! ಅಷ್ಟು ಗಿಡ್ಡ ಆಗಿದ್ದನ್ನ ಸ್ಕ್ರೂ ತಿರುಗಿಸಿ ತಿರುಗಿಸಿ ಸರಿದೂಗಿಸಿದ್ರು, ಸ್ಕ್ರೂ ಕೊನೇ ಎಳೆಗೆ ಬಂದು, ಒಳಗಿನ ಲಿವರ್ ಓರೆಯಾಗಿ, ಪ್ಲೇಟ್ ಎತ್ತೋದು 1 ಮಿಮೀಗೆ ಇಳಿದಿತ್ತು. ನಾನು ಮಾತ್ರ ಪ್ಲೇಟ್ ಮೇಲೆ ಪ್ಲೇಟ್ ಹಾಕಿಸ್ಕೊಂಡು ಕೂತಿದ್ದೆ.

ನಿಮ್ಮ ರಾಡ್ ಸಲೀಸಾಗಿ ಬಂದ್ರೂ ಗಾಜಿನ ಮೇಲೆ ಉರುಳಿಸಿ, ಬಾಗಿದ್ರೆ ಕುಣಿಯುತ್ತೆ. ಅಗಲ ಆದ ತುದೀನ ಗ್ರೈಂಡ್ ಮಾಡಿ ವಾಪಸ್ ಹಾಕೋದು, ಲೇತ್‌ನವರ ಹತ್ರ ಹೋಗಿ ವೆಲ್ಡಿಂಗ್‌ನಲ್ಲಿ ಉದ್ದ ಮಾಡಿಸೋದು, ಎರಡೂ ಬೇಡ. ತುದಿ ಗಟ್ಟಿ ಹದ ಮಾಡಿದ ಹೊಸ ರಾಡ್ ತಗೊಳ್ಳಿ, ಅರ ಇಟ್ರೆ ಜಾರಬೇಕು, ಕಚ್ಚಬಾರದು. ರಾಡ್ ಒತ್ತೋ ಎರಡೂ ಕಡೆಯ ಲೋಹದಲ್ಲೂ ಗುಣಿ ಬಿದ್ದಿರುತ್ತೆ, ಅದನ್ನ ಬಿಟ್ಟು ಬರೀ ರಾಡ್ ಹಾಕಿದ್ರೆ ಅರ್ಧ ಕೆಲಸ. ತುದಿಗೆ ಒಂದು ಚಿಟಿಕೆ ಗ್ರೀಸ್ ಸಾಕು, ತೂತು ತುಂಬಾ ಮೆತ್ತಿದ್ರೆ ಅದೇ ಪ್ಲೇಟ್‌ಗೆ ಬರುತ್ತೆ.

ರಾಡ್ ಹೊರಗಿದ್ದಾಗಲೇ ಮೈನ್‌ಶಾಫ್ಟ್ ಹಿಡಿದು ಎಡಕ್ಕೆ ಬಲಕ್ಕೆ ಎಳೆದು ನೋಡಿ. ಜಾಸ್ತಿ ಆಡಿದ್ರೆ ಕ್ಲಚ್ ಹಿಡಿದಾಗ ಶಾಫ್ಟೇ ಎಡಕ್ಕೆ ಸರಿದು ಟ್ರಾವೆಲ್ ನುಂಗುತ್ತೆ, ಆಗ ಗೇರ್‌ಬಾಕ್ಸ್ ಬಿಚ್ಚಬೇಕು, ಅದು ಬೇರೆ ದಿನದ ಕೆಲಸ.

ಮೈಸೂರಿನ ಐಡಿಯಲ್ ಜಾವಾ ಗಾಡಿ ಇಟ್ಕೊಂಡಿರೋರಿಗೆ ಒಂದು ಮಾತು: ಹಳೇ ಜಾವಾದಲ್ಲಿ ಗೇರ್ ಲಿವರ್ ಒತ್ತಿದಾಗಲೂ ಕ್ಲಚ್ ತಾನಾಗೇ ಬಿಡೋ ಸೆಮಿ ಆಟೋಮ್ಯಾಟಿಕ್ ವ್ಯವಸ್ಥೆ ಇದೆ. ಕೈ ಲಿವರ್‌ಗೆ ಬಿಡದ ಕ್ಲಚ್ಚು ಕಾಲಿಗೆ ಬಿಡ್ತಾ ಇದ್ರೆ ಪ್ಲೇಟ್ ಸರಿಯಾಗೇ ಇದೆ, ಕೇಬಲ್ ಕಡೆ ನೋಡಿ. ಬುಲೆಟ್‌ನಲ್ಲಿ ಈ ಸುಲಭದ ಪರೀಕ್ಷೆ ಇಲ್ಲ.

ವಾಪಸ್ ಜೋಡಿಸೋದು

ಪ್ಲೇಟ್‌ಗಳಿಗೆ ಎಣ್ಣೆ ಸವರಿ ಫೋಟೋ ನೋಡ್ಕೊಂಡು ಜೋಡಿಸಿ, ಮೂರು ಸ್ಕ್ರೂನೂ ಒಂದೊಂದು ಸುತ್ತು ಸರದಿ ಪ್ರಕಾರ ತಿರುಗಿಸ್ತಾ ಕೊನೆಗೆ ಪೂರ್ತಿ ಬಿಗೀರಿ. ಕವರ್ ಹಾಕೋ ಮುಂಚೆ ಅಡ್ಜಸ್ಟ್‌ಮೆಂಟ್ ಮೊದಲಿಂದ ಮಾಡಿ, ಎತ್ತೋ ಅಳತೆ ಮತ್ತೆ ತಗೊಳ್ಳಿ, ಕಿಕ್ ಟೆಸ್ಟ್ ಮಾಡಿ. ನಂದು ಹೊಸ ರಾಡ್ ಹಾಕಿ ಅಳೆದಾಗ ಮೂರು ಕಡೆ 2.1, 2.0, 2.2 ಬಂತು, ಕಿಕ್ ಕೈಯಲ್ಲೇ ಇಳೀತು. ಆಮೇಲೆ ಸೀಲ್, ಕವರ್, ಎಣ್ಣೆ.

ಹೊಸ ಪ್ಲೇಟ್ ಹಾಕಿದ್ರೆ ಮೊದಲ 100-150 ಕಿಮೀನಲ್ಲಿ ಫ್ರೀ ಪ್ಲೇ ಮತ್ತೆ ನೋಡ್ಲೇಬೇಕು. ಲೈನಿಂಗ್ ಕೂತ್ಕೊಳ್ತಾ ಪ್ಲೇಟ್ ಕಟ್ಟು ತೆಳ್ಳಗಾಗುತ್ತೆ, ಪ್ರೆಷರ್ ಪ್ಲೇಟ್ ಒಳಗೆ ಸರಿದು ರಾಡ್‌ಗೆ ಹತ್ರ ಬರುತ್ತೆ, ನೀವು ಏನೂ ಮುಟ್ಟದಿದ್ರೂ ಫ್ರೀ ಪ್ಲೇ ತಾನಾಗೇ ಮಾಯ ಆಗುತ್ತೆ, ರಾಡ್ ಸುಡೋಕೆ ಅಷ್ಟು ಸಾಕು. ನಂದು 120 ಕಿಮೀಗೆ ನೋಡಿದಾಗ ಲಿವರ್ ಹತ್ರ ಅರ್ಧ ಮಿಮೀನೂ ಉಳಿದಿರ್ಲಿಲ್ಲ, ಕಿಂಡಿ ತೆಗೆದು ಸ್ಕ್ರೂ ಕಾಲು ಸುತ್ತು ವಾಪಸ್ ಬಿಟ್ಟೆ.